ಹಿತ್ತಲಲ್ಲೊಂದು ಕೊಳ, ಅದಕ್ಕೊಂದು ಅಬ್ಬಿ: ನಮ್ಮ ಕಡೆಯ ಮಳೆಗೆ ಒಗ್ಗುವಂತೆ ಕಟ್ಟುವ ಬಗೆ

ನಾನು ಮೊದಲ ಕೊಳ ತೋಡಿದ್ದು ಏಪ್ರಿಲ್ ತಿಂಗಳಲ್ಲಿ. ನೆಲ ಒಣಗಿತ್ತು, ಅಡಿಕೆ ಕೆಲಸ ಮುಗಿದಿತ್ತು, ಆಳುಗಳೂ ಸಿಕ್ಕಿದರು. ತೋಟದ ಅಂಚಿಗೆ ಎರಡಡಿ ಗುಂಡಿ ತೆಗೆದು, ಕೃಷಿ ಹೊಂಡಕ್ಕೆ ಹಾಸುವ ಕಪ್ಪು ಪ್ಲಾಸ್ಟಿಕ್ ಹಾಸಿ, ಸುತ್ತ ಹೊಳೆಗಲ್ಲು ಜೋಡಿಸಿ ನೀರು ತುಂಬಿಸಿದೆ. ಮೇ ತಿಂಗಳಿಡೀ ನೆಂಟರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು. ಜುಲೈ ಎರಡನೇ ವಾರ ಬೆಳಿಗ್ಗೆ ಎದ್ದು ನೋಡಿದರೆ ಕೊಳದ ನಡುವೆ ಎಮ್ಮೆಯ ಬೆನ್ನಿನಂತೆ ಏನೋ ಕರ್ರಗೆ ಮೇಲೆದ್ದಿದೆ. ಅಡಿಯ ಪ್ಲಾಸ್ಟಿಕ್ ಹಾಳೆಯೇ ಉಬ್ಬಿ ಬಂದಿತ್ತು. ತೋಟದ ಒರತೆ ಎದ್ದು, ಕೆಳಗಿನಿಂದ ಹಾಳೆಯನ್ನು ಎತ್ತಿತ್ತು. ಕಲ್ಲುಗಳೆಲ್ಲ ಒಳಗೆ ಉರುಳಿದ್ದವು, ನೈದಿಲೆಯ ಕುಂಡ ಮಗುಚಿತ್ತು.

ದೊಡ್ಡಪ್ಪ ಕೊಡೆ ಹಿಡಿದು ಬಂದು ನೋಡಿ ಕೇಳಿದ್ದು ಒಂದೇ ಮಾತು: "ನೀರು ಬಪ್ಪದು ಸರಿ ತಮಾ, ಹೋಪದು ಎಲ್ಲಿಗೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಇನ್ನೆರಡು ಕೊಳ ಕಟ್ಟಿದ್ದೇನೆ. ಒಂದು ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ, ಇನ್ನೊಂದು ಕಾರವಾರದಲ್ಲಿರುವ ತಂಗಿಯ ಮನೆಯಲ್ಲಿ. ಮೊಬೈಲಿನಲ್ಲಿ ಸಿಗುವ ಕೊಳ ಕಟ್ಟುವ ವಿಡಿಯೊಗಳೆಲ್ಲ ಮಳೆ ಕಡಿಮೆ ಇರುವ ಊರಿನವು. ಅಲ್ಲಿ ಚಿಂತೆಯೆಲ್ಲ ನೀರು ಉಳಿಸಿಕೊಳ್ಳುವುದು. ನಮ್ಮಲ್ಲಿ ಕಾರವಾರದ ಕಡೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು, ಶಿರಸಿಯಲ್ಲಿ 2500 ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ನಮ್ಮ ಕೊಳವನ್ನು ಜುಲೈ ತಿಂಗಳಿಗೆ ಲೆಕ್ಕ ಹಾಕಿ ಕಟ್ಟಬೇಕು, ಜನವರಿಯಲ್ಲಿ ಅದು ತಾನಾಗಿ ಚೆಂದ ಕಾಣುತ್ತದೆ. ಕೆಳಗಿನ ಹೆಜ್ಜೆಗಳು ಆ ಕ್ರಮದಲ್ಲೇ ಇವೆ: ಮೊದಲು ನೀರು ಹೋಗುವ ದಾರಿ, ಆಮೇಲೆ ಬರುವ ದಾರಿ.

ಹೆಜ್ಜೆ 1: ಅಗೆಯುವ ಮೊದಲು ಒಂದು ಮಳೆಗಾಲ ನೋಡಿ

ಇದನ್ನು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ. ಕೊಳ ಬೇಕು ಅನ್ನಿಸಿದವರಿಗೆ ಈ ಭಾನುವಾರವೇ ಬೇಕು. ಆದರೂ ಕೇಳಿ. ಕೊಳ ಮಾಡಬೇಕೆಂದಿರುವ ಜಾಗದಲ್ಲಿ ಒಂದಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು, ಮೇಲೊಂದು ತಗಡು ಮುಚ್ಚಿ ಬಿಡಿ. ಜುಲೈನಲ್ಲಿ, ಮೂರು ದಿನ ಜಡಿಮಳೆ ಹೊಡೆದ ಮೇಲೆ ತಗಡು ತೆಗೆದು ನೋಡಿ. ಗುಂಡಿ ಖಾಲಿ ಇದ್ದರೆ ಅಲ್ಲಿ ಏನು ಬೇಕಾದರೂ ಕಟ್ಟಬಹುದು. ಅರ್ಧ ನೀರಿದ್ದರೆ ಅಡಿಯಲ್ಲಿ ಬಸಿ ಪೈಪು ಕೊಡಲೇಬೇಕು. ತುಂಬಿ ತುಳುಕುತ್ತಿದ್ದರೆ ಅಲ್ಲಿ ಪ್ಲಾಸ್ಟಿಕ್ಕೂ ಬೇಡ, ಸಿಮೆಂಟೂ ಬೇಡ. ಕಣಿವೆಯ ತೋಟಗಳ ತಗ್ಗಿನಲ್ಲಿ ಸಾಮಾನ್ಯವಾಗಿ ಹೀಗೇ ಆಗುವುದು. ಅಲ್ಲಿ ಹಾಗೇ ಮಣ್ಣಿನ ಗುಂಡಿ ತೋಡಿ ಒರತೆ ನೀರಿನ ಹೊಂಡ ಮಾಡಿಕೊಳ್ಳಿ, ಅಥವಾ ನೆಲದ ಮೇಲೆ ಕಟ್ಟೆ ಕಟ್ಟಿ. ಖಾಲಿ ಸಿಮೆಂಟ್ ತೊಟ್ಟಿಯನ್ನೂ ಕೆಳಗಿನ ನೀರು ದೋಣಿಯಂತೆ ಎತ್ತಬಲ್ಲದು, ಪ್ಲಾಸ್ಟಿಕ್ ಹಾಳೆ ಯಾವ ಲೆಕ್ಕ.

ಇನ್ನೊಂದು ಲೆಕ್ಕ ಮಾಡಿನದು, ಅಂದರೆ ಮನೆಯ ಚಾವಣಿಯದು. ಆರಡಿ ಉದ್ದ ಐದಡಿ ಅಗಲದ ಕೊಳದ ಮೇಲೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ ಒಳಗೆ ಬರುವುದು 280 ಲೀಟರ್ ಮಾತ್ರ. ಅದೇ ಮಳೆ ಸಾವಿರ ಚದರಡಿ ಮಾಡಿನ ಮೇಲೆ ಬಿದ್ದರೆ 9,000 ಲೀಟರ್ ದಾಟುತ್ತದೆ. ಮಾಡಿನ ನೀರನ್ನು ಕೊಳಕ್ಕೆ ಬಿಡುವುದು ಕೇಳಲು ಚೆಂದ, ಆದರೆ ಒಂದೇ ರಾತ್ರಿಯಲ್ಲಿ ಮೀನು, ಮಣ್ಣು, ಗಿಡ ಎಲ್ಲ ಕೊಚ್ಚಿಕೊಂಡು ಕಾದಿಗೆ (ತೋಟದ ಬಸಿಗಾಲುವೆ) ಸೇರುತ್ತವೆ. ಸೂರಂಚಿನ ನೀರಿಗೆ ಬೇರೆ ಚರಂಡಿ ಇರಲಿ. ಕೊಳದ ಮೇಲ್ಬದಿಗೂ ಅರ್ಧ ಚಂದ್ರದ ಹಾಗೆ ಒಂದು ಗೇಣು ಆಳದ ಕಾಲುವೆ ತೆಗೆದು, ಇಳಿಜಾರಿನ ಕೆಂಪು ನೀರನ್ನು ಪಕ್ಕಕ್ಕೆ ತಿರುಗಿಸಿ.

ಹೆಜ್ಜೆ 2: ಎಷ್ಟು ದೊಡ್ಡದು, ಎಂಥದ್ದು

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಕಲ್ಲುಮರಿಗೆ, ಅಂದರೆ ದನಗಳಿಗೆ ಅಕ್ಕಚ್ಚು ಇಡುವ ಕಲ್ಲಿನ ತೊಟ್ಟಿ. ಕೊಟ್ಟಿಗೆಯಲ್ಲಿ ದನ ಕಡಿಮೆಯಾದ ಮನೆಗಳಲ್ಲಿ ಅಕ್ಕಚ್ಚಿನ ಮರಿಗೆ ಮಗುಚಿ ಬಿದ್ದಿರುತ್ತದೆ. ಅದನ್ನು ಎತ್ತಿ, ಮಟ್ಟ ನೋಡಿ ಕೂರಿಸಿ, ಮೇಲಿನಿಂದ ಬಿದಿರಿನ ದಬ್ಬೆಯಲ್ಲಿ ಸಣ್ಣಗೆ ನೀರು ಬೀಳುವಂತೆ ಮಾಡಿದರೆ ಅರ್ಧ ದಿನದ ಕೆಲಸ. ಮರಿಗೆ ಇಲ್ಲದಿದ್ದರೆ ಹಳೆಯ ಒರಳು. ಅದೂ ಇಲ್ಲದಿದ್ದರೆ ಹಂಡೆ. ತಾಮ್ರದ್ದು ಮಾತ್ರ ಬೇಡ, ಮೀನು ಬದುಕುವುದಿಲ್ಲ.

ಎರಡನೆಯದು ನೆಲದಲ್ಲಿ ತೋಡುವ ಕೊಳ, ಅದರದೇ ನೀರನ್ನು ಪಂಪು ಎತ್ತಿ ಮತ್ತೆ ಬೀಳಿಸುವಂಥದ್ದು. ಮೂರನೆಯದು ಅಬ್ಬಿ. ಬೆಟ್ಟದ ಒರತೆಯಿಂದ ಪೈಪಿನಲ್ಲಿ ಇಳಿದು ಬಂದ ನೀರು ಹಗಲು ರಾತ್ರಿ ಸುರಿದು, ಕೊಳ ತುಂಬಿ, ತೋಟಕ್ಕೆ ಹೋಗುವುದು. ಮನೆಯಿಂದ ಮೇಲೆ ವರ್ಷವಿಡೀ ಅಥವಾ ಫೆಬ್ರವರಿವರೆಗಾದರೂ ಬತ್ತದ ನೀರಿದ್ದರೆ ಪಂಪಿನ ಯೋಚನೆಯನ್ನೇ ಬಿಡಿ. ಊರಿನವರೆಲ್ಲ ದುಡ್ಡು ಕೊಟ್ಟು ಕಾರಂಜಿ ಮಾಡಿಸುವಾಗ ನಮಗೆ ಗುಡ್ಡವೇ ಪುಕ್ಕಟೆ ಮಾಡಿ ಕೊಡುತ್ತದೆ. ಒಂದೇ ಒರತೆಯನ್ನು ನಾಲ್ಕು ಮನೆ ಹಂಚಿಕೊಂಡಿದ್ದರೆ ಮಾತ್ರ ಮೊದಲು ಅವರನ್ನು ಕೇಳಿ. ಮಾರ್ಚ್ ತಿಂಗಳ ನೀರಿನ ಜಗಳ ಎಂಥದ್ದೆಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ.

ಹೆಜ್ಜೆ 3: ಜಾಗ ಆರಿಸುವುದು

ಅಂಗಳದಲ್ಲಿ ಬೇಡ. ಡಿಸೆಂಬರ್ ಬಂದರೆ ಅಡಿಕೆ ಹರವಲು ಅಂಗಳದ ಒಂದೊಂದು ಮೊಳವೂ ಬೇಕು, ಆಗ ಮನೆಯವರ ಬಾಯಿಗೆ ನೀವೂ ನಿಮ್ಮ ಕೊಳವೂ ಬೀಳುತ್ತೀರಿ. ಹಲಸು, ಮಾವಿನ ಬುಡವೂ ಬೇಡ: ಎಲೆ ಕೊಳೆತು ನೀರು ಚಹಾ ಕಷಾಯದಂತಾಗುತ್ತದೆ, ಬೇರು ಗೋಡೆ ಒಡೆಯುತ್ತದೆ. ಅಡಿಕೆ ಮರದ ಕೆಳಗೆ ಹಾಳೆ ಬೀಳುವ ಪೆಟ್ಟು ಬೇರೆ. ನೈದಿಲೆ ಹೂ ಬಿಡಬೇಕಾದರೆ ದಿನಕ್ಕೆ ನಾಲ್ಕೈದು ತಾಸು ಬಿಸಿಲು ಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ನೆರಳಾಗುವ ಪೂರ್ವದ ಹಿತ್ತಲು ಎಲ್ಲಕ್ಕಿಂತ ಒಳ್ಳೆಯದು.

ವಾಸ್ತು ನೋಡುವವರು ನೀರಿಗೆ ಈಶಾನ್ಯ ಎನ್ನುತ್ತಾರೆ. ನಮ್ಮ ಮನೆಯ ಈಶಾನ್ಯದಲ್ಲಿ ತಲೆಮಾರಿನಿಂದ ಗೊಬ್ಬರಗುಂಡಿ ಇದೆ, ಆ ಚರ್ಚೆಗೆ ನಾನು ಹೋಗಲಿಲ್ಲ.

ತೋಟಿಗರು ಮರೆಯುವ ಸಂಗತಿ ಮದ್ದು ಹೊಡೆಯುವುದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ತಾಮ್ರ ಮೀನಿಗೆ ವಿಷ. ನಮ್ಮ ಕೆಂಪು ನೆಲದ ನೀರು ಮೆದು, ಸುಣ್ಣದಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ. ಮೇಲಿನಿಂದ ಹನಿ ತೊಟ್ಟಿಕ್ಕುವಷ್ಟು ಹತ್ತಿರ ಕೊಳ ಇರಬಾರದು. ಇದ್ದೇ ಇದ್ದರೆ ಮದ್ದು ಹೊಡೆಯುವ ದಿನ ತಾಡಪತ್ರಿ ಮುಚ್ಚಿ, ಮುಂದಿನ ಒಂದೆರಡು ಮಳೆ ಹೋಗುವವರೆಗೂ ಮುಚ್ಚಿಯೇ ಇರಲಿ. ನನ್ನ ಎರಡನೇ ಕೊಳದ ಮೀನು ಸತ್ತದ್ದು ಮದ್ದು ಹೊಡೆದ ದಿನವಲ್ಲ, ಮಾರನೇ ದಿನದ ಮಳೆಗೆ ಅಡಿಕೆ ಗೊನೆಯಿಂದ ತೊಳೆದು ಬಂದ ನೀರಿಗೆ.

ಮಲಗುವ ಕೋಣೆಯ ಕಿಟಕಿಯಿಂದ ದೂರ, ಊಟದ ಜಗಲಿಗೆ ಹತ್ತಿರ ಇರಲಿ. ಕಪ್ಪೆಗಳ ಗಲಾಟೆ ಮೊದಲ ವಾರ ಸಂಗೀತ, ಎರಡನೇ ವಾರದಿಂದ ಶಿಕ್ಷೆ. ಕಪ್ಪೆಯ ಹಿಂದೆ ಹಾವು ಬರುವುದರಿಂದ ಬಾಗಿಲಿಗೂ ಕೊಳಕ್ಕೂ ಹದಿನೈದು ಇಪ್ಪತ್ತಡಿ ಅಂತರ ಬಿಡಿ. ಬರುವುದು ಹೆಚ್ಚಾಗಿ ನೀರೊಳ್ಳೆ, ಅದಕ್ಕೆ ವಿಷವಿಲ್ಲ, ಆದರೆ ಕಚ್ಚುವುದರಲ್ಲಿ ಮುಂದು. ನಾಗರ ಬರುವುದೇ ಇಲ್ಲ ಎಂದು ಹೇಳಲಾಗದು. ದಾರಿಗೆ ದೀಪ ಇರಲಿ.

ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಕೊಳ ತೋಡುವುದನ್ನು ಮುಂದೂಡಿ, ಮರಿಗೆಯಲ್ಲೇ ತೃಪ್ತಿಪಡಿ, ಅದರ ಮೇಲೂ ಗಟ್ಟಿ ಜಾಲರಿ ಹಾಕಿ. ಮಗು ಮುಳುಗಲು ಗೇಣುದ್ದ ನೀರೂ ಬೇಡ. ಇದರಲ್ಲಿ ರಾಜಿ ಇಲ್ಲ.

ಹೆಜ್ಜೆ 4: ಅಳತೆ

ದಪ್ಪ ಹಗ್ಗವೊಂದನ್ನು ನೆಲದ ಮೇಲೆ ಹಾಸಿ ಆಕಾರ ಮಾಡಿ, ಎರಡು ದಿನ ಹಾಗೇ ಬಿಟ್ಟು ಜಗಲಿಯಿಂದ ನೋಡಿ. ತುಂಬ ಬಳುಕು ಬೇಡ. ಪ್ಲಾಸ್ಟಿಕ್ ಹಾಳೆ ಮೂಲೆಮೂಲೆಗೂ ಮಡಿಕೆ ಬೀಳುತ್ತದೆ, ಕಸ ಅಲ್ಲೇ ಕೂರುತ್ತದೆ.

ಉದಾಹರಣೆಗೆ 6 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳ ಇಟ್ಟುಕೊಳ್ಳೋಣ. ಗುಣಿಸಿದರೆ 60 ಘನ ಅಡಿ, ಘನ ಅಡಿಗೆ 28 ಲೀಟರ್ ಚಿಲ್ಲರೆ, ಒಟ್ಟು ಸುಮಾರು 1,700 ಲೀಟರ್. ಅಂಚು ಇಳಿಜಾರಾಗಿರುವುದರಿಂದ ಐದನೇ ಒಂದು ಭಾಗ ಕಳೆದರೆ ಹೆಚ್ಚುಕಡಿಮೆ 1,350. ಹಾಳೆಯ ಲೆಕ್ಕ: ಉದ್ದಕ್ಕೆ ಆಳದ ಎರಡು ಪಟ್ಟು ಕೂಡಿಸಿ, ಎರಡೂ ಬದಿಯ ಮಡಿಕೆಗೆ ಒಂದೊಂದು ಅಡಿ ಸೇರಿಸಿ. 6+4+2, ಅಂದರೆ 12 ಅಡಿ. ಅಗಲಕ್ಕೂ ಹಾಗೇ, 5+4+2, 11 ಅಡಿ. ಅಂಗಡಿಯವರು 10 ಅಡಿಯದ್ದು ಸಾಕು ಎಂದರೆ ಒಪ್ಪಬೇಡಿ, ಹಾಳೆಯ ಅಂಚು ಸಾಲದೆ ಹೋದರೆ ಕೊಳದ ಆಳವನ್ನೇ ಕಡಿಮೆ ಮಾಡಬೇಕಾಗುತ್ತದೆ.

ಆಳ ಎರಡಡಿಗಿಂತ ಕಡಿಮೆಯಾದರೆ ಏಪ್ರಿಲ್ ಬಿಸಿಲಿಗೆ ನೀರು ಕಾದು ಮೀನು ಮೇಲೆ ಬಂದು ಬಾಯಿಬಿಡುತ್ತವೆ. ಒಂದು ಬದಿಯಲ್ಲಿ ಎಂಟು ಇಂಚು ಆಳಕ್ಕೆ, ಒಂದಡಿ ಅಗಲಕ್ಕೆ ಮೆಟ್ಟಿಲು ಬಿಡಿ, ಅಂಚಿನ ಗಿಡಗಳ ಕುಂಡ ಇಡಲು. ಗೋಕರ್ಣದ ಕೋಟಿತೀರ್ಥದ ಮೆಟ್ಟಿಲು ನೋಡಿದವರಿಗೆ ಇದರ ಉಪಯೋಗ ಬೇರೆ ಹೇಳಬೇಕಿಲ್ಲ, ನೀರು ಎಷ್ಟೇ ಇಳಿದರೂ ಅಂಚು ಕೈಗೆ ಸಿಗುತ್ತದೆ. ಇನ್ನೊಂದು ಮೂಲೆ ಜಾರುಬಂಡೆಯ ಹಾಗೆ ಇಳಿಜಾರಾಗಿರಲಿ. ಬೆಕ್ಕಿನ ಮರಿ, ಅಳಿಲು, ಓತಿ ಬಿದ್ದರೆ ಹತ್ತಿ ಬರಲು ಅದೊಂದೇ ದಾರಿ.

ಹೆಜ್ಜೆ 5: ಅಗೆತ ಮತ್ತು ಹೊರಹರಿವು

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಅಡಿಕೆ ಕೊಯ್ಲಿನ ನಡುವೆ ಆಳು ಸಿಕ್ಕಿದರೆ. ಅಷ್ಟು ಹೊತ್ತಿಗೆ ಮಣ್ಣಿನಲ್ಲಿ ಇನ್ನೂ ಪಸೆ ಇರುತ್ತದೆ, ಗುದ್ದಲಿ ಇಳಿಯುತ್ತದೆ. ಏಪ್ರಿಲ್‌ವರೆಗೆ ಕಾದರೆ ಕೆಂಪುನೆಲ ಕಬ್ಬಿಣವಾಗುತ್ತದೆ. ಕೆಂಪುಕಲ್ಲಿನ ಗುಣವೇ ಅದು, ಒಳಗಿದ್ದಾಗ ಮೆದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿ.

ಅಂಚಿನ ಮಟ್ಟ ಮುಖ್ಯ. ಕಣ್ಣಂದಾಜು ನಡೆಯುವುದಿಲ್ಲ, ಏಕೆಂದರೆ ನೀರು ಒಂದು ಇಂಚಿನ ತಪ್ಪನ್ನೂ ಊರಿಗೆಲ್ಲ ತೋರಿಸುತ್ತದೆ. ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ ಸುತ್ತಲೂ ಎಂಟು ಕಡೆ ಗೂಟ ಹೊಡೆದು ಮಟ್ಟ ಗುರುತು ಮಾಡಿ. ಆಮೇಲೆ ಬೇಕೆಂದೇ ಒಂದು ಕಡೆ ಎರಡಿಂಚು ತಗ್ಗಿಸಿ. ಅದೇ ಹೊರಹರಿವು. ಅಲ್ಲಿ ಮೂರಿಂಚಿನ ಪಿವಿಸಿ ಪೈಪು ಕೂರಿಸಿ ತೋಟದ ಕಾದಿಗೆಗೆ ಅಥವಾ ಬಾಳೆ ಬುಡಕ್ಕೆ ಕೊಡಿ. ಎರಡಿಂಚಿನದು ಹಾಕಿದರೆ ಒಂದು ಹಲಸಿನೆಲೆ ಸಾಕು, ಬಾಯಿ ಮುಚ್ಚಿ ಹೋಗುತ್ತದೆ. ಪೈಪಿನ ಬಾಯಿಗೆ ಬುಟ್ಟಿಯ ಹಾಗೆ ಉಬ್ಬಿದ ಜಾಲರಿ ಇರಲಿ, ಚಪ್ಪಟೆ ಜಾಲರಿಗೆ ಎಲೆ ಅಂಟಿಕೊಳ್ಳುತ್ತದೆ.

ಪರೀಕ್ಷೆಯ ಗುಂಡಿಯಲ್ಲಿ ಅರ್ಧ ನೀರು ಬಂದಿದ್ದರೆ ಕೊಳದ ತಳಕ್ಕೆ ನಾಲ್ಕಿಂಚು ಜಲ್ಲಿ ಹರಡಿ, ಅದರೊಳಗೆ ತೂತು ಕೊರೆದ ಪೈಪು ಹಾಕಿ ಇಳಿಜಾರಿನ ಕಡೆ ಹೊರಕ್ಕೆ ಬಿಡಬೇಕು. ನೆಲ ಇಳಿಜಾರಿದ್ದರೆ ಮಾತ್ರ ಇದು ಸಾಧ್ಯ. ಒರತೆ ಆ ಪೈಪಿನಲ್ಲೇ ಹೋಗುತ್ತದೆ, ಹಾಳೆಯನ್ನು ಎತ್ತುವುದಿಲ್ಲ. ನನ್ನ ಮೊದಲ ಕೊಳಕ್ಕೆ ಬೇಕಿದ್ದದ್ದು ಇಷ್ಟೇ, ಇಪ್ಪತ್ತಡಿ ಪೈಪು.

ಹೆಜ್ಜೆ 6: ನೀರು ನಿಲ್ಲಿಸುವುದು

ಹಾಳೆಯೋ, ಕಟ್ಟಡವೋ? ತೋಟದ ಹತ್ತಿರ ಏಡಿ, ಹೆಗ್ಗಣ ಇರುವಲ್ಲಿ ನಾನು ಹಾಳೆಗೆ ಅಷ್ಟು ಒಲವು ತೋರುವುದಿಲ್ಲ. ಹಾಕುವುದಾದರೆ 500 ಮೈಕ್ರಾನ್ ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ, ಸಾದಾ ತಾಡಪತ್ರಿ ಅಲ್ಲ. ಗುಂಡಿಯಲ್ಲಿ ಚೂಪು ಕಲ್ಲು, ಬೇರು ಆರಿಸಿ ತೆಗೆದು, ಎರಡಿಂಚು ಮರಳು ಹಾಕಿ, ಮೇಲೆ ಗೋಣಿಚೀಲ ಅಥವಾ ಹಳೇ ಕಂಬಳಿ ಹಾಸಿ, ಆಮೇಲೆ ಹಾಳೆ. ಹಾಳೆಯನ್ನು ಬಿಗಿಯಾಗಿ ಎಳೆಯಬೇಡಿ, ಸಡಿಲ ಬಿಟ್ಟು ನೀರು ತುಂಬುತ್ತ ಹೋಗಿ, ನೀರಿನ ಭಾರಕ್ಕೆ ಅದು ತಾನೇ ಕೂರುತ್ತದೆ. ಅಂಚು ಕತ್ತರಿಸುವುದು ನೀರು ತುಂಬಿ ಎರಡು ದಿನದ ಮೇಲೆ. ಬಿಸಿಲಿಗೆ ತೆರೆದಿರುವ ಹಾಳೆ ಬೇಗ ಸೀಳುತ್ತದೆ, ಎಲ್ಲೂ ಕಾಣದಂತೆ ಕಲ್ಲು ಮಣ್ಣು ಮುಚ್ಚಿ.

ಕಟ್ಟುವುದಾದರೆ ಕೆಂಪುಕಲ್ಲು. ಅದು ರಂಧ್ರದ ಕಲ್ಲು, ನೀರು ಕುಡಿಯುತ್ತದೆ, ಹೊರಬದಿ ಎಷ್ಟು ಚೆಂದ ಬಿಟ್ಟರೂ ಒಳಬದಿಗೆ ಗಿಲಾವು ಬೇಕೇ ಬೇಕು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ಜೊತೆಗೆ ನೀರು ನಿರೋಧಕ ಪುಡಿ, ಎರಡು ಕೋಟು. ಮೂಲೆಗಳನ್ನು ಉಂಡೆಯಾಗಿ ಮಾಡಿಸಿ. ಬಿರುಕು ಬಿಡುವುದು ಚೌಕ ಮೂಲೆಯೇ. ಕನಿಷ್ಠ ಹತ್ತು ದಿನ ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್ ಮಾಡಿ.

ಹೊಸ ಸಿಮೆಂಟಿನ ಕ್ಷಾರಕ್ಕೆ ಮೀನು ತಡೆಯುವುದಿಲ್ಲ. ನೀರು ತುಂಬಿ ಒಂದು ವಾರ ಬಿಟ್ಟು ಚೆಲ್ಲಿ, ತಿಕ್ಕಿ ತೊಳೆದು ಮತ್ತೆ ತುಂಬಿ. ಹೀಗೆ ಮೂರು ಸಲ. ಬಾಳೆದಿಂಡು ಕೊಚ್ಚಿ ಹಾಕಿ ಕೊಳೆಸುವವರೂ ಇದ್ದಾರೆ, ಅದರಿಂದಲೂ ಕ್ಷಾರ ಇಳಿಯುತ್ತದೆ, ಆದರೆ ಆ ವಾಸನೆಗೆ ಎರಡು ವಾರ ಹಿತ್ತಲಿಗೆ ಯಾರೂ ಹೋಗುವುದಿಲ್ಲ.

ಹೆಜ್ಜೆ 7: ನೀರು ಬರುವ ದಾರಿ

ಅಬ್ಬಿಯವರು ಮೊದಲು ಹರಿವು ಅಳೆಯಿರಿ. 15 ಲೀಟರಿನ ಕೊಡ ತುಂಬಲು ಎಷ್ಟು ಹೊತ್ತು? ಒಂದು ನಿಮಿಷವಾದರೆ ಗಂಟೆಗೆ 900 ಲೀಟರ್, ಚೆಂದದ ಧಾರೆಗೆ ಧಾರಾಳ. ಮೂರು ನಿಮಿಷವಾದರೂ ಮರಿಗೆಗೆ ಸಾಕು. ಅಳೆಯುವುದು ಮಾರ್ಚ್‌ನಲ್ಲಿ, ಆಗಸ್ಟ್‌ನಲ್ಲಿ ಅಳೆದರೆ ಎಲ್ಲ ಒರತೆಯೂ ಜೋಗವೇ.

ದೂರ ಹೆಚ್ಚಿದ್ದರೆ ಅರ್ಧ ಇಂಚಿನ ಪೈಪು ತರಬೇಡಿ. ಅದೇ ಇಳಿಜಾರು, ಅದೇ ದೂರದಲ್ಲಿ ಪೈಪಿನ ಒಳವ್ಯಾಸ ಎರಡು ಪಟ್ಟಾದರೆ ನೀರು ಸುಮಾರು ಆರು ಪಟ್ಟು ಬರುತ್ತದೆ. ಒಂದಿಂಚು ಹಾಕಿ. ಪೈಪು ಎಲ್ಲೂ ಉಬ್ಬಿ ಇಳಿಯದಂತೆ ಒಂದೇ ಸಮ ಇಳಿಜಾರಿನಲ್ಲಿ ತನ್ನಿ, ಉಬ್ಬಿದಲ್ಲಿ ಗಾಳಿ ಹಿಡಿದು ನೀರು ನಿಲ್ಲುತ್ತದೆ. ಉಬ್ಬು ತಪ್ಪಿಸಲಾಗದಿದ್ದರೆ ಅಲ್ಲೊಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಕೂರಿಸಿ ಸಣ್ಣ ನಲ್ಲಿ ಇಡಿ, ಗಾಳಿ ಹಿಡಿದಾಗ ತಿರುಗಿಸಿದರೆ ಆಯಿತು. ಮೇಲಿನ ಬಾಯಿಗೆ ತೂತಿನ ಡಬ್ಬಿ ಕಟ್ಟಿ.

ಪಂಪಿನವರಿಗೆ: ಬರೀ ಗಿಡದ ಕೊಳವಾದರೆ ಎರಡು ಗಂಟೆಗೊಮ್ಮೆ ಇಡೀ ನೀರು ತಿರುಗಿದರೆ ಸಾಕು, ಮೀನಿದ್ದರೆ ಗಂಟೆಗೊಮ್ಮೆ. ನಮ್ಮ 1,350 ಲೀಟರಿನ ಕೊಳಕ್ಕೆ ಮೂರಡಿ ಎತ್ತರಕ್ಕೆ ಎತ್ತಿದ ಮೇಲೂ ಗಂಟೆಗೆ ಅಷ್ಟು ಕೊಡುವ ಪಂಪು ಬೇಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಏನೂ ಎತ್ತದಿದ್ದಾಗಿನ ಲೆಕ್ಕ. ಎತ್ತರ ಹೆಚ್ಚಿದಂತೆ ಅದು ಇಳಿಯುತ್ತದೆ, ಪಕ್ಕದ ಸಣ್ಣ ಪಟ್ಟಿ ನೋಡಿ ತನ್ನಿ. 25 ವ್ಯಾಟಿನ ಪಂಪು ದಿನಕ್ಕೆ ನಾಲ್ಕು ತಾಸು ಓಡಿದರೆ ಕರೆಂಟು 0.1 ಯೂನಿಟ್, ಬಿಲ್ಲಿನಲ್ಲಿ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಇಲ್ಲದ ಸೋಲಾರ್ ಪಂಪು ಮೋಡ ಬಂದರೆ ನಿಲ್ಲುತ್ತದೆ. ಮಳೆಗಾಲದಲ್ಲಿ ಪಂಪೇ ಬೇಡವಾದ್ದರಿಂದ ನಮಗೆ ಅದು ದೊಡ್ಡ ಕೊರತೆಯಲ್ಲ.

ಪಂಪನ್ನು ತಳದ ಕೆಸರಲ್ಲಿ ಇಡದೆ ಇಟ್ಟಿಗೆಯ ಮೇಲೆ, ಹಳೇ ಸೊಳ್ಳೆಪರದೆ ಸುತ್ತಿದ ಪ್ಲಾಸ್ಟಿಕ್ ಬುಟ್ಟಿಯೊಳಗೆ ಇಡಿ. ನೀರು ಬೀಳಿಸುವ ಮೇಲಿನ ಕುಂಡದಲ್ಲಿ ಪೈಪಿನ ತುದಿ ಮುಳುಗಿದ್ದರೆ ಕರೆಂಟು ಹೋದಾಗ ನೀರೆಲ್ಲ ಹಿಂದಕ್ಕೆ ಸೆಳೆದುಕೊಂಡು ಬರುತ್ತದೆ. ತುದಿ ನೀರಿನ ಮೇಲಿರಲಿ. ವೈರಿಂಗ್ ಕೆಲಸ ಮಾತ್ರ ಬಲ್ಲವರಿಂದಲೇ ಮಾಡಿಸಿ: 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಆರುವ ಸ್ವಿಚ್ಚು), ಅರ್ಥಿಂಗ್, ವೈರು ಪೂರ್ತಿ ಪೈಪಿನೊಳಗೆ, ಸ್ವಿಚ್ಚು ಸೂರಿನ ಕೆಳಗೆ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳಿ, ಬರೀ ಸ್ವಿಚ್ ಆರಿಸಿದರೆ ಸಾಲದು. ಏಪ್ರಿಲ್ ಮೇ ತಿಂಗಳ ಗುಡುಗಿನ ಸಂಜೆಗಳಲ್ಲೂ ಪ್ಲಗ್ ಕಿತ್ತಿರಲಿ.

ಹೆಜ್ಜೆ 8: ಕಲ್ಲು ಮತ್ತು ಸದ್ದು

ಇದು ನನಗೆ ಇಷ್ಟದ ಭಾಗ. ಕಲ್ಲು ಜೋಡಿಸುವ ಮೊದಲು ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿರುವ ಸಹಸ್ರಲಿಂಗಕ್ಕೆ ಜನವರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಲಿಂಗ ನೋಡಿ ಕೈಮುಗಿದ ಮೇಲೆ ಶಾಲ್ಮಲಾ ಹೊಳೆಯ ಬಂಡೆ ನೋಡಿ. ಹೊಳೆಯಲ್ಲಿ ಒಂದು ಕಲ್ಲೂ ತುದಿಗಾಲಲ್ಲಿ ನಿಂತಿರುವುದಿಲ್ಲ. ಎಲ್ಲವೂ ಅಗಲ ಬದಿ ಕೆಳಗಾಗಿ, ಅರ್ಧ ಹೂತು, ನೀರು ಬರುವ ಕಡೆಗೆ ಬೆನ್ನು ಕೊಟ್ಟು ಮಲಗಿವೆ. ನಾವು ಮಾಡುವ ತಪ್ಪು ಒಂದೇ ಅಳತೆಯ ಉಂಡೆಕಲ್ಲುಗಳನ್ನು ಮಣಿಸರದ ಹಾಗೆ ಸುತ್ತ ಪೋಣಿಸುವುದು. ಮೂರು ದೊಡ್ಡ ಕಲ್ಲು, ಐದಾರು ಮಧ್ಯಮ, ಉಳಿದದ್ದು ಪುಡಿ. ದೊಡ್ಡವುಗಳ ಮೂರನೇ ಒಂದು ಭಾಗ ಮಣ್ಣಿನೊಳಗೆ. ಕಲ್ಲು ಹೊಳೆಯಿಂದ ಹೊತ್ತು ತರಬೇಡಿ, ತೋಟ ಅಗೆದಾಗ ಸಿಕ್ಕಿದ್ದೇ ಬೇಕಷ್ಟಿರುತ್ತದೆ.

ನೀರು ಬೀಳುವ ತುಟಿಗೆ ಚಪ್ಪಟೆ ಕಲ್ಲು, ಒಂದು ಇಂಚು ಮುಂದಕ್ಕೆ ಚಾಚಿರಲಿ. ಇಲ್ಲದಿದ್ದರೆ ನೀರು ಕಲ್ಲಿನ ಹೊಟ್ಟೆಗೆ ಅಂಟಿ ಹಿಂದಕ್ಕೆ ಜಾರಿ ಗೋಡೆಯೊಳಗೆ ಹೋಗುತ್ತದೆ. ಪರದೆಯ ಹಾಗೆ ಬೀಳಬೇಕಾದರೆ ತುಟಿಯ ಒಂದೊಂದು ಇಂಚಿಗೆ ಗಂಟೆಗೆ 350ರಿಂದ 400 ಲೀಟರ್ ಬೇಕು. ಗಂಟೆಗೆ 1,500 ಲೀಟರ್ ಬರುವಲ್ಲಿ ನಾಲ್ಕಿಂಚು ತುಟಿ ಸಾಕು. ಒಂದಡಿ ಅಗಲ ಮಾಡಿದರೆ ಬರೀ ಒದ್ದೆ ಕಲ್ಲು ಕಾಣುತ್ತದೆ.

ಸದ್ದಿಗೆ ಎತ್ತರವೇ ಎಲ್ಲ ಅಲ್ಲ. ಒಂದು ಗೇಣು ಎತ್ತರದಿಂದ ಆಳದ ನೀರಿಗೆ ಬಿದ್ದರೆ ಗುಳುಗುಳು, ಅಷ್ಟೇ ಎತ್ತರದಿಂದ ಕಲ್ಲಿನ ಮೇಲೆ ಬಿದ್ದರೆ ಚಟಪಟ, ಎರಡಡಿ ಮೇಲಿನಿಂದ ಬಿದ್ದರೆ ಯಾರೋ ಬಚ್ಚಲಲ್ಲಿ ನಲ್ಲಿ ಬಿಟ್ಟು ಮರೆತ ಹಾಗೆ. ಬೀಳುವ ಜಾಗದಲ್ಲಿ ಸಣ್ಣ ಕಲ್ಲೊಂದನ್ನು ಅತ್ತಿತ್ತ ಸರಿಸಿ ಕೇಳುತ್ತ ಒಂದು ಸಂಜೆ ಕಳೆಯಿರಿ. ಬಿದಿರಿನ ದಬ್ಬೆಯ ದನಿ ಪಿವಿಸಿ ಪೈಪಿಗೆ ಬರುವುದಿಲ್ಲ, ಒಂದೆರಡು ವರ್ಷಕ್ಕೆ ಬದಲಾಯಿಸಬೇಕಾದರೂ ಬಿದಿರೇ ಇರಲಿ.

ಹೆಜ್ಜೆ 9: ಗಿಡ, ಮೀನು, ಸೊಳ್ಳೆ

ಗಿಡಗಳನ್ನು ಕುಂಡದಲ್ಲೇ ಇಡಿ. ಗದ್ದೆಯ ಜಿಗುಟು ಮಣ್ಣು ತುಂಬಿ ಮೇಲೆ ಜಲ್ಲಿ ಮುಚ್ಚಿ; ಗೊಬ್ಬರ ಹಾಕಿದರೆ ನೀರು ಹಸಿರಾಗುತ್ತದೆ. ನಡುವೆ ನೈದಿಲೆ, ಮೆಟ್ಟಿಲ ಮೇಲೆ ಬಜೆ, ನೀರುಬ್ರಾಹ್ಮಿ, ಅಂಚಿನ ಪಸೆಯಲ್ಲಿ ಒಂದೆಲಗ, ಕೆಸು. ತಂಬುಳಿಗೆ ಎಲೆ ಕೈಗೆ ಸಿಗುತ್ತದೆ, ಬೋರ್ಡೋ ಹನಿ ಬೀಳದ ಜಾಗ ಆರಿಸಿದ್ದರೆ. ನೀರಿನ ಮುಖದಲ್ಲಿ ಅರ್ಧದಿಂದ ಮೂರನೇ ಎರಡು ಭಾಗ ಎಲೆ ಮುಚ್ಚಿದ್ದರೆ ಪಾಚಿ ತಾನೇ ಸೊರಗುತ್ತದೆ. ಅಂತರಗಂಗೆ ಚೆಂದ ಕಂಡರೂ ತರಬೇಡಿ. ಮಳೆಗೆ ಹೊರಹರಿವಿನಲ್ಲಿ ಒಂದು ಗಿಡ ತಪ್ಪಿಸಿಕೊಂಡರೆ ಕೆಳಗಿನವರ ಕೆರೆ ಮುಚ್ಚಿ ಹೋಗುತ್ತದೆ.

ಮೊದಲ ತಿಂಗಳು ನೀರು ಹಸಿರಾಗಿಯೇ ಆಗುತ್ತದೆ. ಗಾಬರಿಯಾಗಿ ನೀರು ಬದಲಾಯಿಸಿದಷ್ಟೂ ಹೊಸ ನೀರು ಪಾಚಿಗೆ ಹೊಸ ಊಟ. ಬಿಟ್ಟುಬಿಡಿ. ಕೆಂಪುನೆಲದ ಒರತೆಯಲ್ಲಿ ಎಣ್ಣೆಯಂಥ ಬಣ್ಣದ ಕೆನೆ ಕಂಡರೆ ಕಡ್ಡಿಯಿಂದ ಮುಟ್ಟಿ: ಗಾಜಿನ ಚೂರಿನ ಹಾಗೆ ಒಡೆದು ಹಾಗೇ ನಿಂತರೆ ಅದು ನೀರಿನ ಕಬ್ಬಿಣದಿಂದ ಬದುಕುವ ಸೂಕ್ಷ್ಮಜೀವಿಗಳ ಕೆಲಸ, ಕೇಡಿಲ್ಲ. ತಕ್ಷಣ ಮತ್ತೆ ಕೂಡಿಕೊಂಡರೆ ಎಣ್ಣೆ. ಪಂಪನ್ನೋ, ಪಕ್ಕದಲ್ಲಿ ನಿಲ್ಲಿಸಿದ ಬೈಕನ್ನೋ ನೋಡಿ.

ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ, ಹತ್ತು ದಿನ. ಡೆಂಗಿ ಹರಡುವ ಸೊಳ್ಳೆಗೆ ಇಷ್ಟವಾಗುವುದೇ ಇಂಥ ಸ್ವಚ್ಛ, ನಿಂತ ನೀರು. ನೀರು ಹರಿಯುತ್ತಿದೆಯಲ್ಲ ಎಂದು ನಂಬಬೇಡಿ, ಮೂಲೆಗಳು ನಿಂತೇ ಇರುತ್ತವೆ. ನಮ್ಮ ತೋಟದ ಕಾದಿಗೆಗಳಲ್ಲಿ, ಹಳ್ಳದ ಅಂಚಿನಲ್ಲಿ ತಲೆಯ ಮೇಲೆ ಬಿಳಿ ಚುಕ್ಕೆ ಹೊಳೆಯುವ, ನೀರಿನ ಮೇಲ್ಮೈಯಲ್ಲೇ ಓಡಾಡುವ ಪುಟ್ಟ ಮೀನಿದೆಯಲ್ಲ, ಅದನ್ನೇ ಹತ್ತು ಹನ್ನೆರಡು ಹಿಡಿದು ತಂದು ಬಿಡಿ. ಅದರ ಊಟವೇ ಸೊಳ್ಳೆಮರಿ. ಅಂಗಡಿಯ ಗಪ್ಪಿಯೂ ತಿನ್ನುತ್ತದೆ, ಆದರೆ ಅದು ಹಳ್ಳ ಸೇರಿದರೆ ಊರ ಮೀನಿನ ಅನ್ನ ಕಿತ್ತುಕೊಳ್ಳುತ್ತದೆ. ಹೇಗಿದ್ದರೂ ಹೊರಹರಿವಿಗೆ ಜಾಲರಿ ಬೇಕು. ಮೀನಿಲ್ಲದ ಮರಿಗೆಯನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆಯನ್ನು ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ. ಆ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ

ತಂಗಿಯ ಮನೆ ಕಡಲಿಗೆ ಹತ್ತಿರ, ನೆಲವೆಲ್ಲ ಮರಳು. ಗುಂಡಿ ತೋಡಿದಷ್ಟೂ ಅಂಚು ಕುಸಿಯಿತು. ಕೊನೆಗೆ ನಾಲ್ಕಡಿ ವ್ಯಾಸದ ಸಿಮೆಂಟಿನ ಬಾವಿ ರಿಂಗು ತಂದು, ಅರ್ಧ ಹೂತು ಅರ್ಧ ಮೇಲೆ ಬಿಟ್ಟು, ತಳಕ್ಕೆ ಕಾಂಕ್ರೀಟು ಹಾಕಿದೆವು. ಹೊರಬದಿಗೆ ಚಿರೆಕಲ್ಲು (ಕೆಂಪುಕಲ್ಲು) ಮುಚ್ಚಿದ ಮೇಲೆ ಅದು ರಿಂಗು ಎಂದು ಯಾರಿಗೂ ಗೊತ್ತಾಗಲಿಲ್ಲ. ಅಂಚು ಕೂರುವಷ್ಟು ಎತ್ತರವಿದ್ದದ್ದು ಮಾವನವರಿಗೆ ಬಹಳ ಹಿಡಿಸಿತು.

ಉಪ್ಪುಗಾಳಿಗೆ ಕಬ್ಬಿಣದ ಜಾಲರಿ, ಕ್ಲಾಂಪು ಎರಡು ಮಳೆಗಾಲ ಬಾಳುವುದಿಲ್ಲ. ಪ್ಲಾಸ್ಟಿಕ್, ಇಲ್ಲವೇ ಸ್ಟೇನ್‌ಲೆಸ್. ಏಪ್ರಿಲ್ ಮೇ ಹೊತ್ತಿಗೆ ಬಾವಿ ನೀರು ಸವುಳಾಗುವ ಮನೆಗಳಲ್ಲಿ ಕೊಳಕ್ಕೆ ಅದನ್ನೇ ತುಂಬುತ್ತ ಹೋದರೆ, ಆರುವುದು ನೀರು, ಉಳಿಯುವುದು ಉಪ್ಪು. ನೈದಿಲೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಅಂಥ ಕಡೆ ಬೇಸಿಗೆಯಲ್ಲಿ ಅರ್ಧ ನೀರನ್ನೇ ಇಟ್ಟುಕೊಂಡು ಮೇಲೆ ತೆಂಗಿನ ಗರಿಯ ನೆರಳು ಮಾಡುವುದು ಲೇಸು. ತೆಂಗಿನಕಾಯಿ ಬೀಳುವ ಸುತ್ತಳತೆಯಿಂದ ಹೊರಗಿರಲಿ, ಕೊಳವೂ ಕೂರುವ ಜಾಗವೂ.

ವರ್ಷದ ಕೆಲಸ

ಬೇಸಿಗೆಯಲ್ಲಿ ಈ ಅಳತೆಯ ಕೊಳದಿಂದ ದಿನಕ್ಕೆ ಒಂದು ಕೊಡ ನೀರು ಆರಿ ಹೋಗುತ್ತದೆ. ಎರಡು ಮೂರು ಕೊಡ ಹೋಗುತ್ತಿದ್ದರೆ ಸೋರಿಕೆಯ ಅನುಮಾನ. ಬಕೆಟ್ಟಿಗೆ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಟ್ಟು, ಬಕೆಟ್ಟಿನ ಒಳಗೂ ಕೊಳದ ಗೋಡೆಗೂ ಸೀಸದಕಡ್ಡಿಯ ಗೆರೆ ಎಳೆದು, ಪಂಪು ನಿಲ್ಲಿಸಿ ಒಂದು ದಿನ ಬಿಡಿ. ಎರಡೂ ಸಮ ಇಳಿದರೆ ಬಿಸಿಲಿನ ಪಾಲು. ಕೊಳವೇ ಹೆಚ್ಚು ಇಳಿದರೆ ತಳ ಅಥವಾ ಗೋಡೆ ಸೋರುತ್ತಿದೆ. ಪಂಪು ಓಡಿದಾಗ ಮಾತ್ರ ಇಳಿದರೆ ತಪ್ಪು ಧಾರೆಯ ದಾರಿಯದ್ದು, ಎಲ್ಲೋ ಕಲ್ಲಿನ ಸಂದಿಯಿಂದ ಹೊರಗೆ ಸಿಡಿಯುತ್ತಿದೆ.

ಮೇ ಕೊನೆಯ ವಾರ ಹೊರಹರಿವಿನ ಪೈಪಿಗೆ ಒಂದು ಬಕೆಟ್ ನೀರು ಸುರಿದು ಹೋಗುತ್ತದೆಯೇ ನೋಡಿ, ಪಂಪು ಕಿತ್ತು ತೊಳೆದು ಅಟ್ಟ ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಪಂಪು. ನೀವು ಮಾಡಬೇಕಾದ್ದು ದಿನಕ್ಕೊಮ್ಮೆ ಕೊಡೆ ಹಿಡಿದು ಹೋಗಿ ಜಾಲರಿಯ ಎಲೆ ತೆಗೆಯುವುದು, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತೆಸೆದು ವಾಪಸು ಬರುವುದು. ದೀಪಾವಳಿ ಕಳೆದ ಮೇಲೆ ಒಮ್ಮೆ ಮೂರನೇ ಒಂದು ಭಾಗ ನೀರು ತೆಗೆದು, ತಳದ ಕೆಸರನ್ನು ಬಾನಿಯಲ್ಲಿ ಎತ್ತಿ, ಸಿಕ್ಕಿಕೊಂಡ ಮೀನುಮರಿ ಆರಿಸಿ ಮತ್ತೆ ನೀರಿಗೆ ಬಿಡಿ. ಕೆಸರನ್ನು ಎಸೆಯಬೇಡಿ. ನಮ್ಮಲ್ಲಿ ಅದು ಹೋಗುವುದು ಬಚ್ಚಲ ಹಿಂದಿನ ಬಾಳೆಯ ಬುಡಕ್ಕೆ, ಹೋದ ವರ್ಷದ ಗೊನೆಯನ್ನು ಇಬ್ಬರು ಹೊತ್ತು ತಂದೆವು.